ಇಲ್ಲದ ಯಂತ್ರವನ್ನು ಸುತ್ತಿಹೋದ ಹೆಜ್ಜೆ

"ಮೇಲೇನು ನೋಡ್ತೀರಿ ಮೇಡಂ? ಕಳುವಾದ ಮಾಲು ಅಲ್ಲಿಲ್ಲ," ಎಂದ ದಫೇದಾರ.

"ಅಲ್ಲಿಲ್ಲದ್ದನ್ನೇ ನೋಡ್ತಿದ್ದೀನಿ. ನೀವು ಸ್ವಲ್ಪ ಸುಮ್ಮನಿರಿ," ಎಂದರು ಇನ್‌ಸ್ಪೆಕ್ಟರಮ್ಮ.

ಛತ್ರಿಬಟ್ಟೆ ಕತ್ತರಿಸುತ್ತಿದ್ದ ಆ ಕತ್ತರಿ ಕೋಣೆಯ ಗೋಡೆ ಹೊಗೆಗೂ ವಯಸ್ಸಿಗೂ ಕಂದಿಹೋಗಿತ್ತು. ಅದರ ನಡುವೆ, ಎರಡು ತೋಳು ಚಾಚಿದರೆ ತಬ್ಬಿಕೊಳ್ಳಬಹುದಾದಷ್ಟು ಅಗಲದ ಒಂದು ಬಿಳಿ ವೃತ್ತ. ಗಡಿಯಾರ ಹೋಗಿತ್ತು, ಅದು ಅಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದ ಸುಣ್ಣ ಮಾತ್ರ ಹೊಸ ಮದುಮಗನಂತೆ ಬೆಳ್ಳಗೆ ಉಳಿದಿತ್ತು.

ಛತ್ರಿ ಕಾರ್ಖಾನೆಯ ಈ ಗಡಿಯಾರ ಮಾಯವಾದದ್ದು ಮೊನ್ನೆ. ಅದನ್ನು ಕಣ್ಣಾರೆ ನೋಡಲೆಂದು ಕಾರ್ಮಿಕ ನ್ಯಾಯಾಲಯದ ನ್ಯಾಯಾಧೀಶರು ಬರುವವರಿದ್ದದ್ದು ನಾಳೆ. ಜೀವಮಾನವಿಡೀ ಅದಕ್ಕೆ ಕೀಲಿ ಕೊಟ್ಟ ಕೀಲಿಮಾಮ ಇವತ್ತು ಕಳ್ಳನೆಂಬ ಹೆಸರು ಹೊತ್ತು, ಬಾಗಿಲ ಬಳಿಯ ಬೆಂಚಿನ ಮೇಲೆ ಮಡಿಚಿಟ್ಟ ಹಳೆಯ ಛತ್ರಿಯಂತೆ ಕೂತಿದ್ದರು.

"ಸಂಜೆಯೊಳಗೆ ಕೇಸು ಬರೀಬೇಕು," ದಫೇದಾರ ನೆನಪಿಸಿದ. "ಗಡಿಯಾರದ ಹತ್ತಿರದ ಅಟ್ಟಣೆಯ ಬಾಗಿಲಿನ ಕೀಲಿ ಇರೋದು ಅವರೊಬ್ಬರ ಹತ್ತಿರ. ಕೇಳಿದ್ರೆ ಹೌದು ಅನ್ನಲ್ಲ, ಅಲ್ಲ ಅನ್ನಲ್ಲ. ನಾನಾದ್ರೂ ಏನು ಮಾಡ್ಲಿ?"

"ಮಾಮ, ಒಂದು ಮಾತು ಹೇಳಬಾರದಾ?" ಇನ್‌ಸ್ಪೆಕ್ಟರಮ್ಮ ತಿರುಗಿದರು.

"ಚಹಾ ಕುಡಿದೆಯಾ ಮಗಳೇ?" ಎಂದರು ಕೀಲಿಮಾಮ.

ಬೆಳಗಿನಿಂದ ಅವರು ಆಡಿದ ಅತ್ಯಂತ ಉದ್ದದ ಮಾತು ಅದು.

ಇನ್‌ಸ್ಪೆಕ್ಟರಮ್ಮ ಪೊಲೀಸರ ಇನ್‌ಸ್ಪೆಕ್ಟರ್ ಅಲ್ಲ. ಕಾರ್ಮಿಕ ಇಲಾಖೆಯಲ್ಲಿದ್ದು, ಊರೂರು ತಿರುಗಿ ಕಾರ್ಖಾನೆ ತಪಾಸಣೆ ಮಾಡಿ ನಿವೃತ್ತರಾದವರು. ಹುದ್ದೆ ಹೋದರೂ ಹೆಸರು ಅಂಟಿಕೊಂಡೇ ಉಳಿಯಿತು. ಇಲ್ಲಿಯವರಿಗೆ ಮಾತ್ರ ಅವರು ಅದೂ ಅಲ್ಲ. ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಹುಟ್ಟಿ ಬೆಳೆದ, ಕತ್ತರಿ ಕೋಣೆಯ ಮೇಸ್ತ್ರಮ್ಮನ ಮಗಳು. ಮೇಸ್ತ್ರಮ್ಮ ತೀರಿಕೊಂಡು ಎಷ್ಟೋ ಕಾಲವಾದರೂ ಮಗಳ ವಿಳಾಸ ಬದಲಾಗಿರಲಿಲ್ಲ. ಗಡಿಯಾರ ಹೋದ ಸುದ್ದಿ ಕೇಳಿದೊಡನೆ ಇಲ್ಲಿಯವರು ಕರೆಸಿದ್ದೂ ಅವರನ್ನೇ.

ಆ ಕೋಣೆಯಲ್ಲಿ ಇನ್ನೂ ಗೋಂದಿನ ವಾಸನೆಯಿತ್ತು. ಅದು ಮೂಗಿಗೆ ಬಡಿದದ್ದೇ ತಡ, ಇನ್‌ಸ್ಪೆಕ್ಟರಮ್ಮ ಎಂಟು ವರ್ಷದ ಹುಡುಗಿಯಾಗಿ ಓಣಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಓಣಿಯ ತುಂಬ ಛತ್ರಿಬಟ್ಟೆಯ ಚೂರು. ಬಾಗಿಲ ಪರದೆ ಕಪ್ಪು, ಶಾಲೆಯ ಚೀಲ ಕಪ್ಪು, ಮಸಿಅರಿವೆ ಹುಟ್ಟುವಾಗಲೇ ಕಪ್ಪು. ಹೊಸಬರು ಯಾರಾದರೂ ಬಂದರೆ ಮನೆಮನೆಯಲ್ಲೂ ಸಾವಾಗಿದೆಯೆಂದು ತಿಳಿದು ಮೆಲ್ಲಗೆ ಮಾತಾಡುತ್ತಿದ್ದರು. ಇಷ್ಟಾದರೂ ಮಳೆ ಬಂದರೆ ಓಣಿಯವರೆಲ್ಲ ತೊಯ್ದು ಮುದ್ದೆ. ನೆಟ್ಟಗಿರುವ ಒಂದು ಛತ್ರಿ ಯಾರ ಮನೆಯಲ್ಲೂ ಇರಲಿಲ್ಲ.

ಅಮ್ಮ ಬರುವ ಹೊತ್ತಿಗೆ ದೀಪ ಹಚ್ಚಿ ಆಗಿರುತ್ತಿತ್ತು. ಬೇಸಗೆಯಲ್ಲೂ. ಪಕ್ಕದ ಓಣಿಯ ಮಕ್ಕಳ ಅಪ್ಪ ಅಮ್ಮ ಬೇರೆ ಬೇರೆ ಕಾರ್ಖಾನೆಗಳಿಂದ ಬಿಸಿಲಿರುವಾಗಲೇ ಬರುತ್ತಿದ್ದರು. ಛತ್ರಿ ಕಾರ್ಖಾನೆಯ ಕಡೆ ಮಾತ್ರ ಬೇಗ ಕತ್ತಲಾಗುತ್ತದೆ ಎಂದು ಹುಡುಗಿ ನಂಬಿದ್ದಳು. ಅಮ್ಮ ಬಂದವಳೇ ಗಲ್ಲ ಹಿಡಿದರೆ ಬೆರಳಿನ ಕಪ್ಪು ಗಲ್ಲಕ್ಕೆ. ಅದನ್ನು ತೊಳೆಯಲು ಹುಡುಗಿ ಒಪ್ಪುತ್ತಿರಲಿಲ್ಲ.

ಕತ್ತಲಿನ ಕಾರಣ ಆಕೆಗೆ ತಿಳಿದದ್ದು ಕಾನೂನು ಓದಿದ ಮೇಲೆ.

ದಿನಕ್ಕೆ ಇಷ್ಟೇ ಗಂಟೆ ದುಡಿಸಬೇಕು, ನಡುವೆ ವಿರಾಮ ಕೊಡಬೇಕು, ಅದಕ್ಕೂ ಮೀರಿ ದುಡಿಸಿದರೆ ಆ ಹೊತ್ತಿಗೆ ಇಮ್ಮಡಿ ಕೂಲಿ ಎಂದು ಕಾನೂನಿತ್ತು. ಸರ್ಕಾರ ಅದನ್ನು ಅಚ್ಚುಹಾಕಿಸಿ, ಕೆಲಸಗಾರರ ಕಣ್ಣಿಗೆ ಬೀಳುವಂತೆ ತೂಗುಹಾಕತಕ್ಕದ್ದು ಎಂದು ಕಾರ್ಖಾನೆಗಳಿಗೆಲ್ಲ ಕಳಿಸಿತ್ತು. ಯಜಮಾನರು ಕಾನೂನಿಗೆ ತಲೆಬಾಗುವ ಮನುಷ್ಯ. ಕಟ್ಟುಹಾಕಿಸಿ ಗಡಿಯಾರದ ಪಕ್ಕದಲ್ಲೇ, ಅಷ್ಟೇ ಎತ್ತರಕ್ಕೆ ತೂಗುಹಾಕಿಸಿದರು. ಕಣ್ಣಿಗೇನೋ ಬೀಳುತ್ತಿತ್ತು. ಓದಲು ಹದ್ದಾಗಿ ಹುಟ್ಟಬೇಕಿತ್ತು.

ಕೈಗಡಿಯಾರಗಳನ್ನು ಗೇಟಿನಲ್ಲೇ ಬಿಚ್ಚಿಡಬೇಕು. ಅಲಗಿಗೆ ಸಿಕ್ಕಿಕೊಂಡೀತೆಂಬ ಕಾಳಜಿ. ಬಿಸಿಲಿಗೆ ಬಟ್ಟೆಯ ಬಣ್ಣ ಮಾಸದಿರಲೆಂದು ಕಿಟಕಿಯ ಗಾಜಿಗೆಲ್ಲ ಕಪ್ಪು ಬಳಿದಿದ್ದರು. ಹೀಗಾಗಿ ಒಳಗಿದ್ದವರ ಪಾಲಿಗೆ ಸೂರ್ಯನೂ ಅದೇ, ಚಂದ್ರನೂ ಅದೇ: ಗೋಡೆಯ ಮೇಲಿನ ಆ ಗಡಿಯಾರ. ಅದು ಮಧ್ಯಾಹ್ನದ ಊಟವಾದ ಮೇಲೆ ಹಿಂದೆ ಬೀಳುತ್ತಿತ್ತು, ಯಾರೋ ಮುಳ್ಳನ್ನು ತಿರುಗಿಸುತ್ತಿದ್ದರು ಎಂಬುದೇ ಕತ್ತರಿ ಕೋಣೆಯ ಹೆಂಗಸರ ದೂರು. ಕಾರ್ಖಾನೆ ಮುಚ್ಚಿ, ಯಜಮಾನರು ಕಣ್ಣುಮುಚ್ಚಿ, ದೂರು ಕೊಟ್ಟವರಲ್ಲೇ ಅರ್ಧ ಜನ ಹೋದ ಮೇಲೆ ನ್ಯಾಯಾಲಯ ಕಡೆಗೂ ಹೇಳಿತ್ತು: ಸರಿ, ಗಡಿಯಾರ ತೋರಿಸಿ.

ಉಳಿದ ಹೆಂಗಸರು ಈಗ ಹೊರಗೆ ಮೋಟುಗೋಡೆಯ ಮೇಲೆ ಸಾಲಾಗಿ ಕೂತಿದ್ದರು. ನಾಳೆ ಗಡಿಯಾರ ಇಲ್ಲದಿದ್ದರೆ ಅವರ ದೂರೂ ಇಲ್ಲ. ಸಂಜೆಯೊಳಗೆ ಕಳ್ಳ ಸಿಗದಿದ್ದರೆ ಕೀಲಿಮಾಮನೇ ಕಳ್ಳ.

"ದಫೇದಾರ್ರೇ, ನೆಲ ನೋಡಿ," ಎಂದರು ಇನ್‌ಸ್ಪೆಕ್ಟರಮ್ಮ.

ದಫೇದಾರನಿಗೆ ಧೂಳಾಗದು. ಒಳಗೆ ಕಾಲಿಟ್ಟರೆ ಸೀನು. ಆದ್ದರಿಂದ ಅವನೂ ಅವನ ಪೇದೆಗಳೂ ಮೊನ್ನೆಯಿಂದ ಬಾಗಿಲ ಬಳಿಯೇ ನಿಂತು ತನಿಖೆ ನಡೆಸಿದ್ದರು. ಸಾಕ್ಷ್ಯ ಉಳಿದದ್ದು ಆ ಸೀನಿನ ಪುಣ್ಯದಿಂದ.

ಬರಿದಾದ ಆ ಹಜಾರದ ಧೂಳಿನ ಮೇಲೆ ಎರಡು ಜೊತೆ ಹೆಜ್ಜೆಗಳು ಹೋಗಿ ಬಂದಿದ್ದವು. ಎರಡೂ ರಬ್ಬರ್ ಚಪ್ಪಲಿ. ಯಾವ ಅಂಗಡಿಯಲ್ಲೂ ಸಿಗುವಂಥವು. ಬಿಳಿ ವೃತ್ತದ ಕೆಳಗೆ, ಗೋಡೆಗೆ ತಾಗಿ, ಏಣಿಯ ಕಾಲೂರಿದ ಎರಡು ಗುರುತು.

"ಮೊದಲು ಏಣಿ. ಅಟ್ಟಣೆ ಎಲ್ಲಿಗೆ ಹೋಗುತ್ತೆ?"

"ನೇರ ಗಡಿಯಾರದ ಹತ್ತಿರಕ್ಕೆ."

"ಅದರ ಕೀಲಿ ಸೊಂಟದಲ್ಲಿ ಇಟ್ಕೊಂಡವರು ಏಣಿ ಹೊತ್ಕೊಂಡು ಕೆಳಗಿಂದ ಯಾಕೆ ಬರ್ತಾರೆ?"

"ನಮ್ಮ ದಾರಿ ತಪ್ಪಿಸೋಕೆ ಇರಬಹುದಲ್ಲ."

"ಈ ವಯಸ್ಸಲ್ಲಿ ಮಾಮ ಏಣಿ ಹತ್ತಿ ಗಡಿಯಾರ ಇಳಿಸಿದ್ರೆ ನೀವು ಕೇಸು ಹಾಕಬಾರದು ದಫೇದಾರ್ರೇ, ಸರ್ಕಸ್ಸಿಗೆ ಸೇರಿಸಬೇಕು."

ಬೆಂಚಿನ ಕಡೆಯಿಂದ ಸಣ್ಣದೊಂದು ನಗು ಬಂತು. ಕೂಡಲೇ ಕೆಮ್ಮಾಗಿ ಬದಲಾಯಿತು.

"ಈಗ ಹೆಜ್ಜೆ. ಈ ಒಂದು ಜೊತೆ ನೋಡಿ, ಬಾಗಿಲಿಂದ ಗೋಡೆಗೆ ನೂಲು ಹಿಡಿದ ಹಾಗೆ ನೇರ. ಏಣಿ ಹೊತ್ತವನು. ಇನ್ನೊಂದು?"

ದಫೇದಾರ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಗ್ಗಿ ನೋಡಿದ. ಎರಡನೆಯ ಹೆಜ್ಜೆಗಳು ಸ್ವಲ್ಪ ದೂರ ನೆಟ್ಟಗೆ ಹೋಗಿ, ಥಟ್ಟನೆ ಬಲಕ್ಕೆ ಹೊರಳಿ, ಮತ್ತೆ ಎಡಕ್ಕೆ ಬಂದು, ಮತ್ತೆ ಬಲಕ್ಕೆ ತಿರುಗಿದ್ದವು. ಏನೂ ಇಲ್ಲದ ನೆಲದ ಮೇಲೆ.

"ಕುಡಿದಿದ್ದ," ಎಂದ ದಫೇದಾರ ಖಚಿತವಾಗಿ.

"ಕುಡಿದವನ ತಿರುವು ಇಷ್ಟು ಅಚ್ಚುಕಟ್ಟಾಗಿ ಇರುತ್ತಾ? ಬರುವಾಗಲೂ ಅದೇ ಜಾಗದಲ್ಲಿ ತಿರುಗಿದೆ."

ಅಷ್ಟರಲ್ಲಿ ಒಳಗೆ ಬಂದ ಗುಜರಿ ವ್ಯಾಪಾರಿ ಬಾಗಿಲಲ್ಲೇ ನಿಂತ. ಈ ಹಜಾರದ ಯಂತ್ರಗಳನ್ನೆಲ್ಲ ವರ್ಷಗಳ ಹಿಂದೆ ಕೊಂಡವನು ಅವನೇ. ಗಡಿಯಾರದ ಮೇಲೂ ಕಣ್ಣಿಟ್ಟಿದ್ದನೆಂದು ಎಲ್ಲರಿಗೂ ಗೊತ್ತಿತ್ತು.

"ನಾನು ಕದ್ದಿಲ್ಲಮ್ಮಾ," ಎಂದ, ಯಾರೂ ಕೇಳುವ ಮೊದಲೇ. "ಕೊಂಡುಕೊಳ್ಳೋಣ ಅಂತಿದ್ದೆ. ಕದ್ದ ಮಾಲಿಗೆ ನಮ್ಮಲ್ಲಿ ಮರ್ಯಾದೆ ಇಲ್ಲ."

"ಕದ್ದಿಲ್ಲ ಅಂತ ನಾನೇ ಹೇಳ್ತೀನಿ, ಆದರೆ ಒಂದು ಕೆಲಸ ಮಾಡಿ. ಆ ಮೂಲೆಯಿಂದ ಈ ಮೂಲೆಗೆ ನಡೀರಿ."

ಅವನು ನಡೆದ. ನೇರವಾಗಿ, ಎರಡು ಹೆಜ್ಜೆಗೊಮ್ಮೆ ನೆಲದ ಬೆಲೆ ಕಟ್ಟುತ್ತ.

"ಯಂತ್ರ ಕಿತ್ತಾಗ ನೆಲದಲ್ಲಿ ಗುಂಡಿ ಬಿದ್ದಿತ್ತಾ?"

"ಎಲ್ಲ ಮುಚ್ಚಿ ಗಾರೆ ಹಾಕಿಸಿದ್ದು ನಾನೇ. ಈಗ ಗೋಲಿ ಉರುಳಿಸಿದ್ರೂ ನಿಲ್ಲಲ್ಲ."

"ಮುಂಚೆ ಯಂತ್ರ ಎಲ್ಲೆಲ್ಲಿ ನಿಂತಿತ್ತು?"

ವ್ಯಾಪಾರಿ ಕೈ ತೋರಿಸುತ್ತ ಹೋದ. ಇಲ್ಲೊಂದು, ಇಲ್ಲೊಂದು, ಅಲ್ಲೊಂದು. ದಫೇದಾರ ಸೀನುವುದನ್ನೂ ಮರೆತ. ಅವನು ತೋರಿಸಿದ ಪ್ರತಿಯೊಂದು ಜಾಗದ ಪಕ್ಕದಲ್ಲೂ ಆ ಹೆಜ್ಜೆ ಸುತ್ತಿಹೋಗಿತ್ತು.

"ಬಂದ ಇಬ್ಬರಲ್ಲಿ ಒಬ್ಬನಿಗೆ ಇಲ್ಲಿ ಖಾಲಿ ನೆಲ ಕಂಡಿತು," ಎಂದರು ಇನ್‌ಸ್ಪೆಕ್ಟರಮ್ಮ. "ಇನ್ನೊಬ್ಬರ ಕಾಲಿಗೆ ಯಂತ್ರ ಇನ್ನೂ ಅಲ್ಲೇ ಇದೆ. ಕತ್ತರಿ ಕೋಣೆಯಲ್ಲಿ ದುಡಿದವರ ಕಾಲು ಅದು. ಮಾಮ ಈ ನೆಲದ ಮೇಲೆ ದುಡಿದವರೇ ಅಲ್ಲ, ಅವರದ್ದೇನಿದ್ರೂ ಅಟ್ಟಣೆ."

"ಹೊರಬಾಗಿಲ ಕೀಲಿ ಇಟ್ಕೊಂಡಿರೋ ಕಾವಲುಗಾರ?"

"ಕಾರ್ಖಾನೆ ಮುಚ್ಚಿದ ಮೇಲೆ ಸೇರಿದವನು. ಯಂತ್ರ ಕಂಡೇ ಇಲ್ಲ."

"ಹಂಗಾದ್ರೆ ಹೊರಗೆ ಗೋಡೆ ಮೇಲೆ ಕೂತಿದ್ದಾರಲ್ಲ, ಆ ಮುದುಕಿಯರಲ್ಲೇ ಒಬ್ಬರು!"

"ತಮ್ಮ ಸಾಕ್ಷಿಯನ್ನ ತಾವೇ ಕದೀತಾರಾ? ಅಲ್ಲದೆ ಹೊರಬಾಗಿಲ ಬೀಗ ಮುರಿದಿಲ್ಲ. ಆ ಬೀಗದ ಕೀಲಿ ಅವರ ಹತ್ತಿರ ಎಲ್ಲಿಂದ ಬರಬೇಕು?"

ಇನ್‌ಸ್ಪೆಕ್ಟರಮ್ಮ ಬಾಗಿಲ ಕಡೆ ತಿರುಗಿದರು. ಹೊರಗೆ ಕಾರು ನಿಂತ ಸದ್ದಾಯಿತು. ಬೀಗದ ಇನ್ನೊಂದು ಕೀಲಿ ಇದ್ದವರು ಬಂದಿದ್ದರು.

ಯಜಮಾನರ ಮಗಳಿಗೂ ಈಗ ತಲೆ ಬೆಳ್ಳಗಾಗಿತ್ತು. ಕಾರ್ಖಾನೆಯ ವಾರಸುದಾರಿಣಿ. ದನಿ ಮೆತ್ತಗೆ, ಸೀರೆ ಅದಕ್ಕಿಂತ ಮೆತ್ತಗೆ. ಬಂದವರೇ ಬಾಗಿಲ ಬಳಿ ಹಾಕಿದ್ದ ಕುರ್ಚಿಯಲ್ಲಿ ಕೂತು, ಬೆಂಚಿನ ಕಡೆ ನೋಡಿ, ನೋಟವನ್ನು ಬೇಗ ಬೇರೆಡೆಗೆ ಹೊರಳಿಸಿದರು.

"ದಫೇದಾರ್ರೇ, ಇದನ್ನ ಇಲ್ಲಿಗೇ ಬಿಡಿ. ಒಂದು ಹಳೇ ಗಡಿಯಾರ, ಹೋದರೆ ಹೋಯಿತು. ಪಾಪ, ವಯಸ್ಸಾದವರನ್ನ ಯಾಕೆ ಕೂರಿಸ್ಕೊಂಡಿದ್ದೀರಿ?"

"ನಿಮ್ಮ ಮನಸ್ಸು ದೊಡ್ಡದು ಅಮ್ಮಾವ್ರೇ. ಆದರೆ ಅದು ನ್ಯಾಯಾಲಯ ಕೇಳಿದ ವಸ್ತು. ಯಾರ ಹೆಸರಾದ್ರೂ ಬರೀಲೇಬೇಕು."

"ನೀವು ಇಲ್ಲಿಗೆ ಆಗಾಗ ಬರ್ತಿರ್ತೀರಾ?" ಇನ್‌ಸ್ಪೆಕ್ಟರಮ್ಮ ಚಹಾದ ಬಟ್ಟಲನ್ನು ಅವರ ಕೈಗಿಡುತ್ತ ಕೇಳಿದರು.

"ಈ ಕೋಣೆಗಾ? ಇದೇ ಮೊದಲು. ಅಪ್ಪ ಬಿಡ್ತಾನೇ ಇರಲಿಲ್ಲ. ನಾನು ಬೆಳೆದದ್ದೆಲ್ಲ ಹಾಸ್ಟೆಲ್ಲು."

"ಹೌದೌದು, ಓಣಿಯಲ್ಲೂ ಹಂಗೇ ಅಂತಿದ್ರು," ಎಂದು ಇನ್‌ಸ್ಪೆಕ್ಟರಮ್ಮ ಎದ್ದುಹೋಗಿ, ಸೆಕೆ ಎಂದುಕೊಳ್ಳುತ್ತ ಕಿಟಕಿ ತೆರೆದು, ತಮ್ಮ ಕರವಸ್ತ್ರವನ್ನು ಸರಳಿಗೆ ಸಿಕ್ಕಿಸಿದರು.

ಸೂರಿನ ಮೇಲೆ ಕೈಯಿಂದ ತಿರುಗಿಸುವ ಹಳೆಯ ಸೈರನ್ ಒಂದಿತ್ತು. ಕರವಸ್ತ್ರ ಕಂಡ ಕೂಡಲೇ ಅದನ್ನು ತಿರುಗಿಸುವಂತೆ ಕಾವಲುಗಾರನಿಗೆ ಬೆಳಿಗ್ಗೆಯೇ ಹೇಳಿಟ್ಟಿದ್ದರು. ಅವನು ಮೈಯೆಲ್ಲ ಬಲ ಹಾಕಿ ತಿರುಗಿಸಿದ. ಮೊದಲು ಮುದುಕ ನರಳಿದಂತೆ ಶುರುವಾದ ಸದ್ದು ಏರುತ್ತ ಏರುತ್ತ ಗೋಡೆ ಗಾಜುಗಳನ್ನೆಲ್ಲ ಅಲುಗಿಸಿ, ಓಣಿಯ ಕೊನೆಯ ಮನೆಯವರೆಗೂ ಹಬ್ಬಿತು.

ಆ ಕೂಗು ಕೇಳಿದರೆ ಅಮ್ಮ ಏನು ಮಾಡುತ್ತಿದ್ದಳೆಂದು ಇನ್‌ಸ್ಪೆಕ್ಟರಮ್ಮನಿಗೆ ಚೆನ್ನಾಗಿ ನೆನಪಿತ್ತು. ರಜೆಯ ದಿನ ಬಟ್ಟೆ ಒಗೆಯುತ್ತಿರುವಾಗ ದೂರದ ಯಾವುದೋ ಕಾರ್ಖಾನೆಯ ಸೈರನ್ ಕೂಗಿದರೂ ಸಾಕು, ನೊರೆ ಸುರಿಯುವ ಎರಡೂ ಕೈ ತಲೆಯ ಮೇಲೆ. ಆಮೇಲೆ ನಾಚಿಕೊಂಡು ನಗುತ್ತಿದ್ದಳು. ಕತ್ತರಿ ಕೋಣೆಯ ಕಟ್ಟಳೆ ಅದು: ಸೈರನ್ ಆದೊಡನೆ ಎಲ್ಲರೂ ಎರಡೂ ಕೈ ಎತ್ತಬೇಕು, ಎಲ್ಲರ ಬೆರಳೂ ಗಾಳಿಯಲ್ಲಿವೆಯೆಂದು ಕಣ್ಣಾರೆ ಕಂಡ ಮೇಲೆಯೇ ಮೇಸ್ತ್ರಿ ಹಿಡಿಕೆ ಎಳೆದು ಅಲಗುಗಳನ್ನು ಇಳಿಸುವುದು. ಹೊಲಿಗೆಯವರಿಗೆ ಈ ಗೋಜಿಲ್ಲ, ಆಫೀಸಿನವರಿಗೆ ಇದು ಗೊತ್ತೇ ಇಲ್ಲ. ಅಮ್ಮ ಮೇಸ್ತ್ರಿಯಾಗುವ ಮೊದಲು ವರ್ಷಗಟ್ಟಲೆ ಹಾಗೆ ಕೈ ಎತ್ತಿದವಳು. ಕೈ ಅದನ್ನು ಮರೆಯಲಿಲ್ಲ.

ಗುಜರಿ ವ್ಯಾಪಾರಿ ಕಿವಿ ಮುಚ್ಚಿಕೊಂಡ. ದಫೇದಾರ ಟೋಪಿ ಹಿಡಿದುಕೊಂಡ. ಕಿಟಕಿಯಾಚೆ, ಮೋಟುಗೋಡೆಯ ಮೇಲಿನ ಮುದುಕಿಯರ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು. ಒಬ್ಬರನ್ನೊಬ್ಬರು ನೋಡಿ ಹುಡುಗಿಯರಂತೆ ಕಿಲಕಿಲ ನಕ್ಕರು.

ಒಳಗೆ ಚಹಾದ ಬಟ್ಟಲು ಬಿದ್ದು ಒಡೆಯಿತು.

ಯಜಮಾನರ ಮಗಳು ಎರಡೂ ಕೈ ತಲೆಯ ಮೇಲೆತ್ತಿ, ಬೆರಳು ಬಿಡಿಸಿ, ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

ಸೈರನ್ ಇಳಿಯಿತು. ಕೈಗಳು ಇಳಿಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

"ಹಾಸ್ಟೆಲ್ಲಿನಲ್ಲೂ ಇದನ್ನ ಕಲಿಸ್ತಿದ್ರಾ?" ಇನ್‌ಸ್ಪೆಕ್ಟರಮ್ಮ ಮೆಲ್ಲಗೆ ಕೇಳಿದರು.

ಯಜಮಾನರ ಮಗಳು ಸೀರೆಯ ಮೇಲೆ ಚೆಲ್ಲಿದ ಚಹಾ ನೋಡಿಕೊಂಡರು. ಆಮೇಲೆ, ವಿಚಿತ್ರವೆಂದರೆ, ನಕ್ಕರು.

"ಪರೀಕ್ಷೆಯಲ್ಲಿ ಫೇಲಾಗಿದ್ದೆ. ಓದದಿದ್ದರೆ ಇದೇ ಗತಿ ಅಂತ ತೋರಿಸೋಕೆ ಅಪ್ಪ ಒಂದು ವರ್ಷ ಇಲ್ಲಿ ನಿಲ್ಲಿಸಿದ್ರು. ಮನೆಯವರಿಗೆ, ನೆಂಟರಿಗೆ ಹಾಸ್ಟೆಲ್ಲು ಅಂತ ಹೇಳಿದ್ರು. ಇಲ್ಲಿಯವರಿಗೆ ನಾನು ಯಾರೋ ಹೊಸ ಹುಡುಗಿ. ಗೊತ್ತಿದ್ದದ್ದು ಮೇಸ್ತ್ರಮ್ಮನಿಗೆ ಮಾತ್ರ." ಅವರು ಹಜಾರದ ನಡುವೆ ಬೆರಳು ತೋರಿಸಿದರು. "ಆ ಯಂತ್ರ ನಂದು. ಪಕ್ಕದಲ್ಲಿ ನಿಂತು ಕೈ ಹಿಡಿದು ಕಲಿಸಿದ್ಲು ನಿಮ್ಮಮ್ಮ. ಮೊದಲನೇ ದಿನ ಅತ್ತಾಗ ಗಲ್ಲ ಹಿಡಿದಿದ್ಲು. ಅಷ್ಟೂ ಕಪ್ಪಾಯಿತು. ನಾನು ತೊಳೀಲಿಲ್ಲ."

ಇನ್‌ಸ್ಪೆಕ್ಟರಮ್ಮನ ಕೈ ತಮಗರಿವಿಲ್ಲದೆ ತಮ್ಮ ಗಲ್ಲಕ್ಕೆ ಹೋಗಿ, ವಾಪಸ್ಸು ಬಂತು.

"ನಿಮ್ಮ ಡ್ರೈವರ್ ಏಣಿ ಹೊತ್ತು ನೇರ ಹೋದ. ನೀವು ಯಂತ್ರ ತಪ್ಪಿಸಿಕೊಂಡು ಹೋದ್ರಿ."

"ಸುತ್ತಿ ಹೋದೆನಾ? ನನಗೇ ಗೊತ್ತಾಗಲಿಲ್ಲ."

"ಗಡಿಯಾರ ಎಲ್ಲಿದೆ?"

"ಇದೆ."

"ಅಪ್ಪನ ಹೆಸರು ಉಳಿಸೋಕೆ ಕದ್ರಿ. ಅದರ ಮುಳ್ಳು ತಿರುಗಿಸಿದ ಗುರುತು ನಾಳೆ ನ್ಯಾಯಾಧೀಶರಿಗೆ ಕಾಣುತ್ತೆ ಅಂತ. ಅಷ್ಟಕ್ಕೋಸ್ಕರ ಹೊರಗೆ ಕೂತವರ ದೂರು ಮಣ್ಣುಪಾಲಾಗಲಿ, ಈ ಮಾಮ ಜೈಲಿಗೆ ಹೋಗಲಿ, ಅಲ್ವಾ?"

"ನಮ್ಮಪ್ಪನ ಹೆಸರಾ?" ಯಜಮಾನರ ಮಗಳ ದನಿ ಮೊದಲ ಸಲ ಮೆತ್ತಗಿರಲಿಲ್ಲ. "ಆ ಹೆಸರಲ್ಲಿ ಉಳಿಸೋಕೆ ಏನಿತ್ತು? ನಾನು ಕದ್ದದ್ದು ನಾಳೆ ಒಂದು ಪ್ರಶ್ನೆ ಬರಬಾರದು ಅಂತ. ಗಡಿಯಾರ ಮುಂದೆ ಇಟ್ಟು, ಈ ಮಾಮನ ಕೈಲಿ ಪ್ರಮಾಣ ಮಾಡಿಸಿ, ಮುಳ್ಳು ತಿರುಗಿಸ್ತಿದ್ದವರು ಯಾರು ಅಂತ ಕೇಳ್ತಾರೆ. ಮಾಮ ಪ್ರಮಾಣ ಮಾಡಿದ ಮೇಲೆ ಸುಳ್ಳು ಹೇಳಲ್ಲ. ಅವರು ಹೇಳೋ ಹೆಸರು ನಮ್ಮಪ್ಪಂದಲ್ಲ."

"ಮತ್ತೆ ಯಾರದ್ದು?"

"ಊಟ ಆದಮೇಲೆ ಎಲ್ಲರೂ ಕೈ ತೊಳೆಯೋಕೆ ಹೋಗ್ತಿದ್ರು. ಒಂದು ದಿನ ನಾನು ಹೋಗಲಿಲ್ಲ. ಆ ಯಂತ್ರದ ಹಿಂದೆ ಕೂತಿದ್ದೆ. ಅಟ್ಟಣೆ ಹತ್ತಿ ಮುಳ್ಳು ಹಿಂದಕ್ಕೆ ತಳ್ಳಿದ ಕೈಯನ್ನ ಕಣ್ಣಾರೆ ನೋಡಿದೆ. ಕಪ್ಪು ಬೆರಳು."

ದಫೇದಾರ ಮೂಗಿನ ಕರವಸ್ತ್ರ ತೆಗೆದು ಜೇಬಿಗಿಟ್ಟ.

"ನಿಮ್ಮಮ್ಮನ ಕೈ," ಎಂದರು ಯಜಮಾನರ ಮಗಳು.

ಇಲ್ಲಿ ಇನ್‌ಸ್ಪೆಕ್ಟರಮ್ಮನಿಗೆ ತೋಚಬೇಕಾದ ಮಾತುಗಳು ಎಷ್ಟೋ ಇದ್ದವು. ಸತ್ತವರ ಮೇಲೆ ಹೊರಿಸುವುದು ಸುಲಭ. ವಾರಸುದಾರರಿಗೆ ಇದಕ್ಕಿಂತ ಅನುಕೂಲವಾದ ಸತ್ಯ ಇನ್ನೊಂದಿಲ್ಲ. ಬೇರೆ ಯಾರ ಅಮ್ಮನಾಗಿದ್ದರೂ ಅವರು ಅದನ್ನು ಚಟಾಕಿ ಹಾರಿಸಿದಂತೆ ಹೇಳಿಬಿಡುತ್ತಿದ್ದರು.

"ಅಟ್ಟಣೆಗೆ ಬೀಗ ಇತ್ತಲ್ಲ," ಎಂದಷ್ಟೇ ಅಂದರು.

"ಇತ್ತು. ಅದರ ಕೀಲಿ ಕೊಡ್ತಿದ್ದವರು ಅಲ್ಲೇ ಕೂತಿದ್ದಾರೆ, ಕೇಳಿ."

ಇನ್‌ಸ್ಪೆಕ್ಟರಮ್ಮ ಬೆಂಚಿನ ಮುಂದೆ ಹೋಗಿ ನಿಂತರು. ಮೆಟ್ಟಿಲ ಮೇಲೆ ಕತ್ತಲಲ್ಲಿ ಕಾಯುತ್ತಿದ್ದ ಹುಡುಗಿಯ ಪಕ್ಕ ಎಷ್ಟೋ ಸಂಜೆ ಬಂದು ಕೂತು, ಅಮ್ಮ ಈಗ ಬರ್ತಾಳೆ ಮಗಳೇ, ಈಗ ಬಂದುಬಿಟ್ಟಳು ಅಂದವರು ಇದೇ ಮಾಮ.

"ಮಾಮ, ಸುಳ್ಳು ಅಂತ ಹೇಳಿ. ಒಂದೇ ಮಾತು."

ಕೀಲಿಮಾಮ ತಲೆಯೆತ್ತಿ ಗೋಡೆಯ ಮೇಲಿನ ಬಿಳಿ ವೃತ್ತವನ್ನು ನೋಡಿದರು. ಈಗಲೂ ಅಲ್ಲಿ ಹೊತ್ತು ಕಾಣುತ್ತದೆಯೋ ಎಂಬಂತೆ. ಆಮೇಲೆ ಸೊಂಟದಿಂದ ಅಟ್ಟಣೆಯ ಕೀಲಿ ಬಿಚ್ಚಿ ಬೆಂಚಿನ ಮೇಲಿಟ್ಟರು.

"ದಫೇದಾರ್ರೇ, ಬರ್ಕೊಳ್ಳಿ," ಎಂದರು. "ಈ ಅಮ್ಮ ಸುಮ್ಮನೆ ಏನೋ ಹೇಳ್ತಿದ್ದಾರೆ. ಗಡಿಯಾರ ಕದ್ದದ್ದು ನಾನೇ."

ದಫೇದಾರ ಪೆನ್ನಿನ ಮುಚ್ಚಳ ತೆಗೆದು, ಇನ್‌ಸ್ಪೆಕ್ಟರಮ್ಮನ ಮುಖ ನೋಡಿದ.

ಹೊರಗೆ ನಗು ಇನ್ನೂ ನಿಂತಿರಲಿಲ್ಲ. ಮೋಟುಗೋಡೆಯಿಂದ ಇಳಿದ ಮುದುಕಿಯೊಬ್ಬಳು ಕಿಟಕಿಯ ಸರಳು ಹಿಡಿದು ಒಳಗೆ ಇಣುಕಿದಳು.

"ಮೇಸ್ತ್ರಮ್ಮನ ಮಗಳೇ," ಎಂದು ಕೂಗಿದಳು, "ಸಿಕ್ತೇನೇ ನಮ್ಮ ಗಡಿಯಾರ?"